ಬಿಸುಡುವ ಮುನ್ನ ಬಿಚ್ಚಿ ನೋಡುವ ವಿದ್ಯೆ

ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆ ಅಲ್ಲಿಯೇ ನಿಲ್ಲುವುದಿಲ್ಲ. ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿದ ಕೃಷ್ಣೆಯು ಜಮಖಂಡಿಯ ಕಪ್ಪು ನೆಲವನ್ನು ಹಾದು ಬರುತ್ತಾಳೆ. ಪಶ್ಚಿಮಘಟ್ಟದಲ್ಲಿಯೇ ಹುಟ್ಟಿದ ಘಟಪ್ರಭೆಯು ಮುಧೋಳದ ಕಬ್ಬಿನ ಸೀಮೆಯನ್ನು ಬಳಸಿ ಬರುತ್ತಾಳೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಇಬ್ಬರೂ ಒಂದಾಗುತ್ತಾರೆ. 2019ರ ಆಗಸ್ಟ್ ತಿಂಗಳಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆಯು ಬಯಲಿನಲ್ಲಿ ಮಹಾಪೂರವಾಗಿ ನಿಂತಾಗ ಮಲೆನಾಡು ಬೇರೆ, ಬಯಲುಸೀಮೆ ಬೇರೆ ಎಂಬ ಮಾತು ಎಷ್ಟು ಪೊಳ್ಳು ಎಂಬುದು ಮತ್ತೊಮ್ಮೆ ಮನದಟ್ಟಾಯಿತು. ಒಂದೆಡೆ ಗುಡ್ಡ ಕುಸಿದು ತೋಟಗಳು ಹೂತುಹೋದವು. ಇನ್ನೊಂದೆಡೆ ಬೆಳೆ, ದನಕರು, ಮಗ್ಗ, ಮನೆಗಳು ನೀರಿನಲ್ಲಿ ಮುಳುಗಿದವು.

ಹಾಗೆ ಮುಳುಗಿದ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಬಂದವರ ಜೇಬಿನಲ್ಲಿ ಉಳಿದಿರಬಹುದಾದ ಒಂದೇ ಒಂದು ವಸ್ತುವೆಂದರೆ ಮೊಬೈಲ್ ದೂರವಾಣಿ. ಅದು ಒದ್ದೆಯಾಗಿ ಸತ್ತುಹೋಗಿದ್ದರೆ ನಷ್ಟ ಕೇವಲ ಒಂದು ಯಂತ್ರದ್ದಲ್ಲ. ಬ್ಯಾಂಕಿನ ಖಾತೆಗೆ ಪರಿಹಾರದ ಹಣ ಬಂತೇ ಎಂಬ ಸಂದೇಶ ಅದರೊಳಗಿದೆ. ಬಂಧುಗಳ ಸಂಖ್ಯೆಗಳು, ಹೊಲದ ಚಿತ್ರಗಳು, ಮಕ್ಕಳ ಪಾಠಗಳು ಅದರೊಳಗಿವೆ. 2020ರಿಂದ ರಾಜ್ಯದಲ್ಲಿ ರೈತನೇ ತನ್ನ ಬೆಳೆಯ ಸಮೀಕ್ಷೆಯನ್ನು ಮೊಬೈಲಿನ ಮೂಲಕ ದಾಖಲಿಸುವ ವ್ಯವಸ್ಥೆಯೂ ಬಂದಿದೆ. ದೂರದ ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ನಡೆಸುವ ಮೊಬೈಲ್ ಸ್ಟಾರ್ಟರುಗಳು ಕಬ್ಬಿನ ಸೀಮೆಯಲ್ಲಿಯೂ ಅಡಕೆಯ ಸೀಮೆಯಲ್ಲಿಯೂ ಬಳಕೆಯಲ್ಲಿವೆ. ಹೀಗೆ ಬದುಕಿನ ಅಷ್ಟೂ ವ್ಯವಹಾರವನ್ನು ಅಂಗೈಯಗಲದ ಒಂದು ಪೆಟ್ಟಿಗೆಗೆ ಒಪ್ಪಿಸಿದ ಸಮಾಜವು, ಆ ಪೆಟ್ಟಿಗೆ ಕೆಟ್ಟರೆ ಏನು ಮಾಡಬೇಕೆಂಬ ತಿಳಿವಳಿಕೆಯನ್ನು ಮಾತ್ರ ಸಂಪಾದಿಸಿಕೊಂಡಿಲ್ಲ. ‘ಹೋಯಿತು, ಹೊಸದು ತೆಗೆದುಕೊಳ್ಳಿ’ ಎಂಬುದೇ ಎಲ್ಲೆಡೆ ಕೇಳಿಬರುವ ಉತ್ತರ. ಈ ಉತ್ತರವು ಕೂಲಿಕಾರನ ಒಂದು ತಿಂಗಳ ದುಡಿಮೆಯನ್ನು ನುಂಗುತ್ತದೆ. ಜೊತೆಗೆ ನೆಲಕ್ಕೂ ನೀರಿಗೂ ಒಂದು ಹೊರೆಯನ್ನು ಸೇರಿಸುತ್ತದೆ.

ಪರಿಸರದ ಪತ್ರಿಕೆಗೂ ಮೊಬೈಲ್ ದುರಸ್ತಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. 10 ಲಕ್ಷ ಮೊಬೈಲುಗಳಿಂದ ಸುಮಾರು 34 ಕಿಲೋ ಚಿನ್ನ, 350 ಕಿಲೋ ಬೆಳ್ಳಿ, 15 ಟನ್ನಿಗೂ ಹೆಚ್ಚು ತಾಮ್ರವನ್ನು ಮರಳಿ ಪಡೆಯಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಈ ಲೋಹಗಳೆಲ್ಲ ಯಾವುದೋ ಬೆಟ್ಟವನ್ನು ಬಗೆದು ತಂದವು. ಬ್ಯಾಟರಿಯ ಕೋಬಾಲ್ಟಿನ ಬಹುಭಾಗ ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಕುದುರೆಮುಖದಲ್ಲಿ ಅದಿರು ತೆಗೆಯುವುದು 2005ರ ಕೊನೆಯಲ್ಲಿ ನಿಂತಾಗ ಸಂತೋಷಪಟ್ಟ ಮಲೆನಾಡಿಗರು, ತಮ್ಮ ಜೇಬಿನಲ್ಲಿಯೂ ಬೇರೊಬ್ಬರ ಬೆಟ್ಟದ ಚೂರೊಂದು ಇದೆಯೆಂಬುದನ್ನು ಮರೆಯಬಾರದು. ಒಂದು ಸ್ಮಾರ್ಟ್‌ಫೋನು ತನ್ನ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವ ಹಂತದಲ್ಲಿಯೇ ಸೇರಿಹೋಗಿರುತ್ತದೆ. ಬಳಸುವಾಗ ಸೇರುವುದು ಅಲ್ಪ. ಆದುದರಿಂದ ಇರುವ ಫೋನನ್ನು ಇನ್ನೆರಡು ವರ್ಷ ಬಾಳಿಸುವುದೇ ಅದರ ವಿಷಯದಲ್ಲಿ ಮಾಡಬಹುದಾದ ಅತಿದೊಡ್ಡ ಪರಿಸರ ಸೇವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹೊರಹಾಕಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಯ್ದದ್ದು ಅದರಲ್ಲಿ ಶೇಕಡ 22.3 ಮಾತ್ರ.

ಬಾಳಿಸಬೇಕಾದರೆ ರೋಗವೇನೆಂದು ತಿಳಿಯಬೇಕು. ಈ ಮಾತನ್ನು ಅಡಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಕೆಯ ಗೊನೆಗಳು ಕೊಳೆತು ಉದುರುವುದನ್ನು ಕಂಡು ಜನರು ಹಣೆಬರಹವೆಂದು ಸುಮ್ಮನಿದ್ದ ಕಾಲವೊಂದಿತ್ತು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಆ ಬಳಿಕವೇ ಬೋರ್ಡೋ ದ್ರಾವಣ ತೋಟ ತೋಟಗಳನ್ನು ತಲುಪಿತು. ಮೊದಲು ನಿದಾನ, ಅನಂತರ ಔಷಧ. ಎಲೆ ಹಳದಿಯಾದೊಡನೆ ಮರವನ್ನೇ ಕಡಿಯುವ ಬೆಳೆಗಾರನಿಲ್ಲ. ಬೇರಿನಲ್ಲಿ ನೀರು ನಿಂತಿದೆಯೇ, ಮಣ್ಣಿನಲ್ಲಿ ಸತ್ವ ಕಡಿಮೆಯಾಗಿದೆಯೇ, ಹುಳು ಬಿದ್ದಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಮೊಬೈಲಿನ ರೋಗನಿದಾನವೂ ಇದೇ ಬಗೆಯದು. ಸರಳವಾದುದನ್ನು ಮೊದಲು, ಕಠಿಣವಾದುದನ್ನು ಕೊನೆಗೆ. ಹೊರಗಿನದನ್ನು ಮೊದಲು, ಒಳಗಿನದನ್ನು ಆಮೇಲೆ — ಇದೇ ಅದರ ಸೂತ್ರ.

ಮೊದಲನೆಯದು ಪೂರ್ವವೃತ್ತಾಂತ. ಫೋನು ಬಿದ್ದಿತೇ, ನೆನೆಯಿತೇ, ಬೇರೆ ಚಾರ್ಜರ್ ಹಾಕಲಾಯಿತೇ, ಸಿಡಿಲಿನ ಸಮಯದಲ್ಲಿ ಗೋಡೆಯ ಪ್ಲಗ್ಗಿನಲ್ಲಿತ್ತೇ? ಈ ನಾಲ್ಕು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ದೊರೆತರೆ ಅರ್ಧ ಕೆಲಸ ಮುಗಿದಂತೆ. ಎರಡನೆಯದು, ತೊಂದರೆ ಯಂತ್ರಾಂಶದ್ದೇ ತಂತ್ರಾಂಶದ್ದೇ ಎಂಬ ವಿವೇಚನೆ. ಒಂದು ಆ್ಯಪ್ ತೆರೆದಾಗ ಮಾತ್ರ ಫೋನು ತಡವರಿಸಿದರೆ, ಅಥವಾ ಹೊಸ ತಂತ್ರಾಂಶ ಬಂದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಬೆಸುಗೆ ಕಡ್ಡಿಯನ್ನು ಹಿಡಿಯುವ ಕಾರಣವಿಲ್ಲ.

ಮೂರನೆಯದು ಚಾರ್ಜರ್, ಕೇಬಲ್ ಮತ್ತು ಚಾರ್ಜಿಂಗ್ ಕಿಂಡಿ. ‘ಚಾರ್ಜ್ ಆಗುತ್ತಿಲ್ಲ’ ಎಂದು ಅಂಗಡಿಗೆ ಬರುವ ಫೋನುಗಳಲ್ಲಿ ಎಷ್ಟೋ ಬಾರಿ ದೋಷ ಫೋನಿನದಾಗಿರುವುದಿಲ್ಲ. ಬೇರೆ ಚಾರ್ಜರಿನಿಂದ, ಬೇರೆ ಕೇಬಲಿನಿಂದ ಪರೀಕ್ಷಿಸಬೇಕು. ಕಿಂಡಿಯೊಳಗೆ ಬೆಳಕು ಬಿಟ್ಟು ನೋಡಿದರೆ ಜೇಬಿನ ನೂಲು, ಹೊಲದ ಧೂಳು, ಮಗ್ಗದ ಮನೆಯಾದರೆ ಹತ್ತಿಯ ನವಿರಾದ ಎಳೆಗಳು ಒತ್ತಾಗಿ ತುಂಬಿರುವುದು ಕಾಣುತ್ತದೆ. ಫೋನನ್ನು ಆರಿಸಿ, ಲೋಹದ ಸೂಜಿಯನ್ನು ಮುಟ್ಟಿಸದೆ, ಮೊನಚಾದ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದರೆ ಸಾಕು. ಇದಕ್ಕೆ ತಗಲುವ ವೆಚ್ಚ ಸೊನ್ನೆ.

ನಾಲ್ಕನೆಯದು ಬ್ಯಾಟರಿ. ಲಿಥಿಯಂ ಬ್ಯಾಟರಿಯ ಸಾಮಾನ್ಯ ಒತ್ತಡ 3.7 ಅಥವಾ 3.8 ವೋಲ್ಟ್; ತುಂಬಿದಾಗ 4.2 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಮಲ್ಟಿಮೀಟರಿನಿಂದ ಅಳೆದಾಗ 3 ವೋಲ್ಟಿಗಿಂತ ಕೆಳಗಿದ್ದರೆ ಅದು ಆಳವಾಗಿ ಬರಿದಾಗಿದೆಯೆಂದು ಅರ್ಥ. ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿಯೊಳಗೆ ಅನಿಲ ಸೇರಿದೆ. ಅದನ್ನು ಚುಚ್ಚುವುದಾಗಲಿ, ಒತ್ತುವುದಾಗಲಿ, ಮತ್ತೆ ಚಾರ್ಜಿಗೆ ಹಾಕುವುದಾಗಲಿ ಬೆಂಕಿಯನ್ನು ಕರೆದಂತೆ. ಇಲ್ಲಿ ಮಲೆನಾಡಿಗೆ ವಿಶೇಷವಾದ ಸಂಗತಿಯೊಂದಿದೆ. ಕಣಿವೆಯ ಮನೆಗಳಲ್ಲಿ ಸಂಕೇತ ದುರ್ಬಲವಾಗಿರುವಾಗ ಫೋನು ಟವರನ್ನು ಹುಡುಕುತ್ತ, ತನ್ನ ಪ್ರಸಾರದ ಬಲವನ್ನು ಹೆಚ್ಚಿಸಿಕೊಳ್ಳುತ್ತ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಪೇಟೆಯಲ್ಲಿ ದಿನವಿಡೀ ಬರುವ ಬ್ಯಾಟರಿ ಹಳ್ಳಿಯಲ್ಲಿ ಮಧ್ಯಾಹ್ನಕ್ಕೇ ಮುಗಿದರೆ ಅದು ರೋಗವಲ್ಲ, ಸ್ಥಳದ ಗುಣ. ಇದನ್ನು ತಿಳಿಯದೆ ಎರಡು ಬ್ಯಾಟರಿಗಳನ್ನು ಬದಲಿಸಿ, ಕೊನೆಗೆ ಫೋನನ್ನೇ ಬದಲಿಸಿದವರು ಊರೂರಿನಲ್ಲಿ ಸಿಗುತ್ತಾರೆ.

ಐದನೆಯದು ಪರದೆ. ಫೋನು ಕಪ್ಪಾಗಿದೆ, ಆದರೆ ಕರೆ ಮಾಡಿದರೆ ರಿಂಗಣಿಸುತ್ತದೆ ಎಂದಾದರೆ ಫೋನು ಸತ್ತಿಲ್ಲ. ಅದರ ಕಣ್ಣು ಮಾತ್ರ ಹೋಗಿದೆ. ಎಲ್‌ಸಿಡಿ ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಮಸುಕಾದ ಚಿತ್ರ ಕಂಡರೆ ಪರದೆಯೂ ಸರಿಯಿದೆ, ಹಿಂಬದಿಯ ಬೆಳಕಿನ ಸರ್ಕಿಟ್ಟು ಮಾತ್ರ ಕೈಕೊಟ್ಟಿದೆ. ಪರದೆಯ ಬೆಲೆಗೂ ಆ ಸರ್ಕಿಟ್ಟಿನ ಬಿಡಿಭಾಗದ ಬೆಲೆಗೂ ಅಜಗಜಾಂತರ.

ಈ ಐದು ಹಂತಗಳನ್ನು ದಾಟಿದ ಮೇಲೆಯೇ ಮದರ್‌ಬೋರ್ಡಿನ ಸರದಿ. ಅದು ಕುಶಲಕರ್ಮಿಯ ಕ್ಷೇತ್ರ. ಅವನ ಮುಖ್ಯ ಆಯುಧ ಡಿಸಿ ಪವರ್ ಸಪ್ಲೈ. ಬ್ಯಾಟರಿಯ ಬದಲಿಗೆ ಈ ಯಂತ್ರದಿಂದ ವಿದ್ಯುತ್ತನ್ನು ಕೊಟ್ಟು, ಎಷ್ಟು ಆಂಪಿಯರ್ ಹರಿಯುತ್ತದೆ ಎಂಬುದನ್ನು ಗಮನಿಸುವುದು ವೈದ್ಯನು ನಾಡಿ ಹಿಡಿದಂತೆ. ಪವರ್ ಗುಂಡಿಯನ್ನು ಒತ್ತುವ ಮೊದಲೇ ಗಣನೀಯವಾಗಿ ವಿದ್ಯುತ್ ಹರಿದರೆ ಮುಖ್ಯ ಸಾಲಿನಲ್ಲಿಯೇ ಶಾರ್ಟ್ ಆಗಿದೆ. ಗುಂಡಿಯನ್ನು ಒತ್ತಿದರೂ ಮುಳ್ಳು ಅಲುಗದಿದ್ದರೆ ಗುಂಡಿ, ಅದರ ತಂತು ಅಥವಾ ವಿದ್ಯುತ್ ಹಂಚುವ ಐಸಿಯ ಮೇಲೆ ಸಂಶಯ. ಸ್ವಲ್ಪ ಹರಿದು ಅಲ್ಲಿಯೇ ನಿಂತುಬಿಟ್ಟರೆ ತಂತ್ರಾಂಶ, ಸ್ಮೃತಿಕೋಶ ಅಥವಾ ಪ್ರೊಸೆಸರಿನ ಕಡೆಗೆ ಬೊಟ್ಟು. ಏರಿಳಿಯುತ್ತ ಸಹಜವಾಗಿ ಸಾಗಿದರೆ ಫೋನು ಒಳಗೆ ಎಚ್ಚರವಾಗಿಯೇ ಇದೆ, ಪರದೆಯನ್ನು ನೋಡಬೇಕು.

ಶಾರ್ಟ್ ಆಗಿದೆಯೆಂದು ತಿಳಿದಮೇಲೆ ಎಲ್ಲಿ ಎಂಬುದು ಪ್ರಶ್ನೆ. ಬೋರ್ಡಿನ ಮೇಲೆ ರಾಗಿ ಕಾಳಿಗಿಂತ ಚಿಕ್ಕದಾದ ನೂರಾರು ಕೆಪಾಸಿಟರುಗಳಿರುತ್ತವೆ. ಅವುಗಳ ಮೇಲೆ ರಾಳದ ಹೊಗೆಯ ತೆಳುವಾದ ಬಿಳಿ ಲೇಪವನ್ನು ಹಿಡಿಸಿ, ಕಡಿಮೆ ಒತ್ತಡದಲ್ಲಿ ವಿದ್ಯುತ್ ಕೊಟ್ಟರೆ, ಕೆಟ್ಟ ಬಿಡಿಭಾಗವು ಬಿಸಿಯೇರಿ ತನ್ನ ಮೇಲಿನ ರಾಳವನ್ನು ಕರಗಿಸಿಕೊಳ್ಳುತ್ತದೆ. ಕಳ್ಳನು ತಾನಾಗಿಯೇ ಸಿಕ್ಕಿಬೀಳುತ್ತಾನೆ. ಅದನ್ನು ತೆಗೆದು ಹಾಕಿದರೆ, ಅಥವಾ ಹಳೆಯ ಬೋರ್ಡಿನಿಂದ ಅಂಥದೇ ಒಂದನ್ನು ತಂದು ಬೆಸೆದರೆ ‘ಸತ್ತ’ ಫೋನು ಎದ್ದು ಕೂರುತ್ತದೆ. ಕೆಲವೇ ರೂಪಾಯಿಗಳ ಕೆಪಾಸಿಟರಿಗಾಗಿ ಹತ್ತು ಹದಿನೈದು ಸಾವಿರದ ಫೋನನ್ನು ತಿಪ್ಪೆಗೆ ಹಾಕುವುದು ಯಾವ ಅರ್ಥಶಾಸ್ತ್ರ?

ನೆನೆದ ಫೋನಿನ ಬಗೆಗೆ ಪ್ರತ್ಯೇಕವಾಗಿಯೇ ಹೇಳಬೇಕು. ಏಕೆಂದರೆ ಮಲೆನಾಡಿನ ಆರು ತಿಂಗಳ ಮಳೆಗೂ ಕೃಷ್ಣಾತೀರದ ನೆರೆಗೂ ಇದೇ ಸಾಮಾನ್ಯ ವ್ಯಾಧಿ. ಫೋನನ್ನು ಕೊಲ್ಲುವುದು ನೀರಲ್ಲ, ನೀರಿರುವಾಗ ಹರಿಯುವ ವಿದ್ಯುತ್ತು. ಲವಣಗಳಿರುವ ಕೆಸರು ನೀರಿನಲ್ಲಿ ವಿದ್ಯುತ್ ಹರಿದಾಗ ತಾಮ್ರದ ಗೆರೆಗಳು ಕರಗಿ ಹಸಿರು ಬಣ್ಣದ ಕಿಲುಬು ಕಟ್ಟುತ್ತದೆ. ಆದುದರಿಂದ ನೆನೆದ ಫೋನನ್ನು ‘ಇನ್ನೂ ಜೀವವಿದೆಯೇ’ ಎಂದು ಆನ್ ಮಾಡಿ ನೋಡುವುದೇ ಮೊದಲ ತಪ್ಪು. ಚಾರ್ಜಿಗೆ ಹಾಕುವುದು ಎರಡನೆಯ ತಪ್ಪು. ಕೂಡಲೇ ಆರಿಸಬೇಕು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಬೇಕು, ಸಿಮ್ ತಟ್ಟೆಯನ್ನು ಹೊರತೆಗೆಯಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ಅಕ್ಕಿಯ ಪುಡಿ ಕಿಂಡಿಗಳಲ್ಲಿ ಸೇರಿ ಹೊಸ ತೊಂದರೆಯಾದೀತು. ಒಲೆಯ ಮೇಲಿನ ಅಟ್ಟದಲ್ಲಿಯೋ ಅಡಕೆ ಒಣಗಿಸುವ ಭಟ್ಟಿಯಲ್ಲಿಯೋ ಇಟ್ಟರೆ ಬ್ಯಾಟರಿಗೂ ಪರದೆಗೂ ಕೇಡು. ಆದಷ್ಟು ಬೇಗ ಅಂಗಡಿಗೆ ಒಯ್ದು, ಬೋರ್ಡನ್ನು ಬಿಚ್ಚಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆಸಬೇಕು. ತಡವಾದ ಪ್ರತಿಯೊಂದು ದಿನವೂ ಕಿಲುಬಿಗೆ ಕೊಟ್ಟ ಅವಕಾಶ.

ಈ ವಿದ್ಯೆ ಜಮಖಂಡಿಯ ಸೀಮೆಗೆ ಹೊಸತೇನಲ್ಲ; ಅದರ ರೂಪವಷ್ಟೇ ಹೊಸತು. ರಬಕವಿ-ಬನಹಟ್ಟಿಯ ನೇಕಾರನು ಹಾಸಿನ ಎಳೆಯೊಂದು ಕಡಿದರೆ ಸೀರೆಯನ್ನು ಬಿಸುಡುವುದಿಲ್ಲ. ಮಗ್ಗವನ್ನು ನಿಲ್ಲಿಸಿ, ಕಡಿದ ಎಳೆಯನ್ನು ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತಾನೆ. ಸಾವಿರಾರು ಎಳೆಗಳ ನಡುವೆ ಕಡಿದ ಒಂದನ್ನು ಕಂಡುಹಿಡಿಯುವ ಆ ಕಣ್ಣೇ ಬೋರ್ಡಿನ ಮೇಲೆ ಕೆಟ್ಟ ಬಿಡಿಭಾಗವನ್ನು ಹುಡುಕುವ ಕಣ್ಣು. ಮುಧೋಳದ ಕಬ್ಬಿನ ರೈತನೂ ಸುಟ್ಟುಹೋದ ಪಂಪ್‌ಸೆಟ್ಟನ್ನು ಗುಜರಿಗೆ ಹಾಕದೆ ರಿವೈಂಡಿಂಗ್ ಮಾಡಿಸಿ ಮತ್ತೆ ಬಾವಿಗೆ ಇಳಿಸುತ್ತಾನೆ. ದುರಸ್ತಿಯೆಂಬುದು ಬಡತನದ ಗುರುತಲ್ಲ, ಅದು ವಸ್ತುವಿನ ಶ್ರಮಕ್ಕೆ ತೋರುವ ಗೌರವ ಎಂಬ ಅರಿವು ಈ ನೆಲದಲ್ಲಿದೆ. ಅದನ್ನು ಮರೆಯಿಸಿದ್ದು ಕೊಳ್ಳುಬಾಕ ಸಂಸ್ಕೃತಿ.

ಮರೆಯಿಸುವ ಕೆಲಸವನ್ನು ತಯಾರಕರು ಯೋಜಿಸಿಯೇ ಮಾಡುತ್ತಿದ್ದಾರೆ ಎಂಬುದನ್ನೂ ಗಮನಿಸಬೇಕು. ಹಿಂದೆ ಉಗುರಿನಿಂದ ತೆರೆಯಬಹುದಾಗಿದ್ದ ಹಿಂಬದಿಯನ್ನು ಈಗ ಅಂಟು ಹಾಕಿ ಮುಚ್ಚಲಾಗುತ್ತದೆ. ಬೋರ್ಡಿನ ನಕ್ಷೆಗಳನ್ನು ಗುಟ್ಟಾಗಿಡಲಾಗುತ್ತದೆ. ಕೆಲವು ಫೋನುಗಳಂತೂ ಬೇರೆಡೆಯ ಅಸಲಿ ಬಿಡಿಭಾಗವನ್ನು ಜೋಡಿಸಿದರೂ ಅದನ್ನು ಪೂರ್ಣವಾಗಿ ಒಪ್ಪಿಕೊಳ್ಳದಂತೆ ತಂತ್ರಾಂಶದಲ್ಲಿ ಕಟ್ಟುಪಾಡು ಹಾಕಲಾಗಿದೆ. ಇದರ ವಿರುದ್ಧ ಜಗತ್ತಿನಲ್ಲಿ ದುರಸ್ತಿಯ ಹಕ್ಕಿನ ಚಳವಳಿ ಬೆಳೆದಿದೆ. ಫ್ರಾನ್ಸ್ ದೇಶವು 2021ರಲ್ಲಿ, ಒಂದು ವಸ್ತುವನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬ ಅಂಕವನ್ನು ಮಾರಾಟದ ವೇಳೆ ತೋರಿಸುವುದನ್ನು ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳು ದೊರೆಯಬೇಕು. ಭಾರತ ಸರ್ಕಾರವು 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಅದು ಸ್ವಾಗತಾರ್ಹ, ಆದರೆ ಮಾಹಿತಿಯನ್ನು ಪ್ರಕಟಿಸುವುದು ಬೇರೆ, ಬಿಡಿಭಾಗವನ್ನೂ ನಕ್ಷೆಯನ್ನೂ ತಾಲ್ಲೂಕಿನ ಕುಶಲಕರ್ಮಿಗೆ ಕೊಡಲೇಬೇಕೆಂಬ ಕಾನೂನು ಬೇರೆ. ಬೇಕಾಗಿರುವುದು ಎರಡನೆಯದು.

ದುರಸ್ತಿಗೂ ಒಂದು ಮಿತಿಯಿದೆ ಎಂಬುದನ್ನು ಮರೆಮಾಚಬಾರದು. ಪ್ರೊಸೆಸರೇ ಸುಟ್ಟಿದ್ದರೆ, ಬೋರ್ಡಿನ ಪದರಗಳೇ ಬಿರುಕು ಬಿಟ್ಟಿದ್ದರೆ ದುಡ್ಡು ಸುರಿಯುವುದು ವ್ಯರ್ಥ. ಆಗ ಆ ಫೋನು ಬೇರೆ ಫೋನುಗಳಿಗೆ ಅಂಗದಾನ ಮಾಡಲಿ. ಎಲ್ಲ ಅಂಗಡಿಗಳೂ ಸತ್ಯಸಂಧವೆಂದೂ ಹೇಳಲಾಗದು. ಕೊಳ್ಳುವವನು ಎಚ್ಚರವಾಗಿರಬೇಕು: ದೋಷವೇನೆಂದು ಮೊದಲು ಕೇಳಬೇಕು, ಬದಲಿಸಿದ ಹಳೆಯ ಭಾಗವನ್ನು ತೋರಿಸುವಂತೆ ಹೇಳಬೇಕು, ಫೋನನ್ನು ಕೊಡುವ ಮುನ್ನ ಸಾಧ್ಯವಾದರೆ ಚಿತ್ರಗಳನ್ನೂ ಸಂಖ್ಯೆಗಳನ್ನೂ ಬೇರೆಡೆ ಉಳಿಸಿಕೊಂಡು ಹಣಕಾಸಿನ ಆ್ಯಪ್‌ಗಳನ್ನು ಮುಚ್ಚಬೇಕು. ಅಂಗಡಿಯವನೂ ತನ್ನ ದೇಹವನ್ನು ಕಾಪಾಡಿಕೊಳ್ಳಬೇಕು. ಬೆಸುಗೆಯ ರಾಳದ ಹೊಗೆಯಿಂದ ಅಸ್ತಮಾ ಬರಬಹುದು; ತವರ-ಸೀಸದ ಬೆಸುಗೆ ಮುಟ್ಟಿದ ಕೈಯಿಂದ ಊಟ ಮಾಡಿದರೆ ಸೀಸ ಹೊಟ್ಟೆ ಸೇರುತ್ತದೆ. ಕಿಟಕಿ, ಒಂದು ಚಿಕ್ಕ ಫ್ಯಾನು, ಸೋಪು — ಈ ಮೂರು ಇಲ್ಲದ ದುರಸ್ತಿಯ ಮೇಜು ಅಪೂರ್ಣ.

ನಿಜವಾಗಿಯೂ ಸತ್ತ ಫೋನಿನ ಅಂತ್ಯಸಂಸ್ಕಾರ ಎಲ್ಲಿ ಆಗಬೇಕು? ತಿಪ್ಪೆಯಲ್ಲಂತೂ ಅಲ್ಲ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹಳೆಯ ಬೋರ್ಡು ಮತ್ತು ಬ್ಯಾಟರಿಗಳಿಂದ ಸೋರುವ ಸೀಸ, ಕ್ಯಾಡ್ಮಿಯಂಗಳು ಮಣ್ಣು ಸೇರಿದರೆ ಮರಳಿ ತೆಗೆಯುವ ಉಪಾಯವಿಲ್ಲ. ಕ್ಯಾಡ್ಮಿಯಮ್ಮನ್ನು ಸೊಪ್ಪು ತರಕಾರಿಗಳು ಸುಲಭವಾಗಿ ಹೀರಿಕೊಳ್ಳುತ್ತವೆ. ತಾಮ್ರಕ್ಕಾಗಿ ಪ್ಲಾಸ್ಟಿಕ್ ತಂತಿಗಳನ್ನು ಸುಡುವುದರಿಂದ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ ನಿಯಮಗಳು 2011ರಲ್ಲಿ ರಚನೆಯಾಗಿ, 2016ರಲ್ಲಿ ಬದಲಾಗಿ, 2022ರಲ್ಲಿ ಮತ್ತೆ ಹೊಸ ರೂಪ ತಳೆದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತ್ಯಾಜ್ಯದ ಮರುಬಳಕೆಯ ಹೊಣೆ ತಯಾರಕನದು ಎಂದು ಅವು ಹೇಳುತ್ತವೆ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆಯು ಎರಡು ದಶಕಗಳ ಹಿಂದೆಯೇ ಶಾಸ್ತ್ರೀಯ ಮರುಬಳಕೆಯನ್ನು ಆರಂಭಿಸಿತು. ಆದರೆ ಘಟ್ಟದ ಹಳ್ಳಿಯೊಂದರ ಕಪಾಟಿನಲ್ಲಿ ಬಿದ್ದಿರುವ ಮೂರು ಸತ್ತ ಫೋನುಗಳು ಅಲ್ಲಿಗೆ ತಲುಪುವ ದಾರಿ ಯಾವುದು? ಹಾಲಿನ ಡೇರಿ, ಸಹಕಾರ ಸಂಘ, ಗ್ರಾಮ ಪಂಚಾಯಿತಿ — ಈ ಮೂರರಲ್ಲೊಂದು ಕಡೆ ಒಂದು ಡಬ್ಬಿಯನ್ನಿಟ್ಟು, ವರ್ಷಕ್ಕೊಮ್ಮೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವುದು ಕಷ್ಟದ ಕೆಲಸವಲ್ಲ.

ವಿದ್ಯಾರ್ಥಿಗಳಿಗೆ ಇದರಲ್ಲಿ ಜೀವನೋಪಾಯವೂ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟಿ ಸಂಸ್ಥೆಯು ಗ್ರಾಮೀಣ ಯುವಕರಿಗೆ ಕಲಿಸುವ ಕಸುಬುಗಳಲ್ಲಿ ಮೊಬೈಲ್ ದುರಸ್ತಿಯೂ ಒಂದು. ಅದರ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಿವೆ. ಊರು ಬಿಟ್ಟು ನಗರ ಸೇರುವುದೊಂದೇ ದಾರಿಯೆಂದು ನಂಬಿದ ಮಲೆನಾಡಿನ ಯುವಕ ಯುವತಿಯರು, ಒಂದು ಮಲ್ಟಿಮೀಟರ್, ಒಂದು ಪವರ್ ಸಪ್ಲೈ, ಒಂದು ಬೆಸುಗೆ ಕಡ್ಡಿ ಮತ್ತು ತಾಳ್ಮೆ — ಇಷ್ಟರಿಂದ ಆರಂಭವಾಗುವ ಈ ಕಸುಬನ್ನು ಕಡೆಗಣಿಸಬಾರದು. ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿ ಬರುವ ಓಮನ ನಿಯಮವು ಕಣ್ಣೆದುರು ಜೀವ ತಳೆಯುವುದು ಇಂಥ ಮೇಜಿನ ಮೇಲೆ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಒಂದು ಬ್ಯಾರೇಜಿದೆ. ಸರ್ಕಾರವನ್ನು ಕಾದು ಬೇಸತ್ತ ರೈತರು, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ, ತಮ್ಮದೇ ಹಣ ಮತ್ತು ಶ್ರಮದಿಂದ ಅದನ್ನು 1989ರಲ್ಲಿ ಕಟ್ಟಿ ನಿಲ್ಲಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ತಮ್ಮ ಬದುಕಿಗೆ ಬೇಕಾದ ವಿದ್ಯೆಯೂ ಸಾಮರ್ಥ್ಯವೂ ತಮ್ಮ ಕೈಯಲ್ಲಿಯೇ ಇರಬೇಕೆಂಬ ಆ ಛಲ ನದಿಗೆ ಒಡ್ಡು ಕಟ್ಟುವುದಕ್ಕೆ ಮಾತ್ರ ಮೀಸಲಲ್ಲ. ಅಂಗೈಯಲ್ಲಿರುವ ಯಂತ್ರಕ್ಕೂ ಅದು ಸಲ್ಲಬೇಕು. ಮಳೆಗಾಲ ಹಿಡಿಯುವ ಮುನ್ನ ಮನೆಯ ಹೆಂಚನ್ನು ಸರಿಪಡಿಸುವಂತೆ, ಪ್ರತಿವರ್ಷ ಆ ಹೊತ್ತಿಗೆ ಊರಿನ ಶಾಲೆಯ ಜಗಲಿಯಲ್ಲಿ ಒಂದು ದಿನ ದುರಸ್ತಿಯ ಮೇಜನ್ನು ಹಾಕಿದರೆ, ಕಪಾಟುಗಳಲ್ಲಿ ಸತ್ತಂತೆ ಮಲಗಿರುವ ಎಷ್ಟು ಫೋನುಗಳಿಗೆ ನಿಜವಾಗಿ ಬೇಕಾದದ್ದು ಒಂದು ಮರದ ಕಡ್ಡಿ, ಎಷ್ಟಕ್ಕೆ ಒಂದು ಬ್ಯಾಟರಿ, ಎಷ್ಟಕ್ಕೆ ಮಾತ್ರ ಅಂತಿಮ ವಿದಾಯ ಎಂಬುದು ಅಂದೇ ತಿಳಿದುಹೋಗುತ್ತದೆ.